ಮಮ್ಮಿ ಕೊಟ್ಟ ಸಾಕ್ಷಿ

ನನ್ನ ತಾಯಿ ಇನ್ಸುಲಿನ್ ನಿಲ್ಲಿಸಿದ್ದು ಆಡಿದ ಒಂದು ಮಾತನ್ನು ಉಳಿಸಿಕೊಳ್ಳುವುದಕ್ಕೆ. ಕಂಕನಾಡಿಯ ಆಸ್ಪತ್ರೆಯಲ್ಲಿ ಇದನ್ನು ಡಾಕ್ಟರಿಗೆ ಹೇಳಲು ಹೋಗಿ ಎರಡು ಸಲ ತಡವರಿಸಿದೆ. ಕೊನೆಗೆ ಅವರೇ ಬೇಸರದಿಂದ, "ಅಂದರೆ ತಾವಾಗಿಯೇ ನಿಲ್ಲಿಸಿದ್ದು, ಅಲ್ವಾ?" ಎಂದು ಕೇಳಿ ಹಾಗೆಯೇ ಬರೆದುಕೊಂಡರು. ಅದು ಸುಳ್ಳಲ್ಲ. ಆದರೆ ಅದು ನಡೆದ ವಿಷಯವೂ ಅಲ್ಲ.

ಮಮ್ಮಿ ಈಗ ಆರಾಮ. ನಾನು ಇದನ್ನು ಬರೆಯುವ ಹೊತ್ತಿನಲ್ಲಿ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತ, ಗೋಡೆಯ ಆಚೆಗಿರುವ ಪಕ್ಕದ ಮನೆಯ ಉಮ್ಮನ ಹತ್ತಿರ ಬಂಗುಡೆ ಮೀನಿಗೆ ಇಷ್ಟು ರೇಟು ಕೊಟ್ಟದ್ದು ಯಾಕೆಂದು ಜಗಳ ಮಾಡುತ್ತಿದ್ದಾಳೆ. ಆ ದನಿ ಕೇಳಿದಾಗಲೆಲ್ಲ ನನಗೆ ಎದೆಯಿಂದ ಒಂದು ಭಾರ ಇಳಿದ ಹಾಗಾಗುತ್ತದೆ. ಆದರೂ ದಿನಕ್ಕೆ ಒಂದೆರಡು ಸಲ, ಪಾಠದ ನಡುವೆ, ಬಸ್ಸಿಗೆ ಕಾಯುವಾಗ, ಹಲ್ಲುಜ್ಜುವಾಗ ಮನಸ್ಸು ನನ್ನನ್ನು ಕೇಳದೆ ಆ ಭಾನುವಾರಗಳಿಗೆ ಹೋಗಿ ನಿಲ್ಲುತ್ತದೆ. ಬರೆದರೆ ಸ್ವಲ್ಪ ಬಿಡುತ್ತದೇನೋ.

ನಮ್ಮ ಮನೆ ಬೋಳಾರದಲ್ಲಿ, ನದಿಗೆ ಇಳಿಯುವ ಒಂದು ಓಣಿಯಲ್ಲಿ. ಮಮ್ಮಿ ಕನ್ನಡ ಶಾಲೆಯ ಒಂದನೇ ಕ್ಲಾಸಿಗೆ ಕಲಿಸಿ ನಿವೃತ್ತಳಾದವಳು. ಓಣಿಯ ಎಲ್ಲರಿಗೂ, ಮೀನು ತರುವವಳಿಗೂ, ಗ್ಯಾಸ್ ಸಿಲಿಂಡರಿನವನಿಗೂ ಅವಳು ಟೀಚರ್. ಪಕ್ಕದ ಮನೆಯವರು ಬ್ಯಾರಿ ಮುಸ್ಲಿಮರು; ಬಂದರಿನಲ್ಲಿ ಅವರ ಗಂಡುಮಕ್ಕಳ ಅಂಗಡಿ. ಅಲ್ಲಿಯ ಹಿರಿಯಾಕೆಯನ್ನು ಅವರ ಮಕ್ಕಳು ಕರೆದ ಹಾಗೆ ನಾನೂ ಚಿಕ್ಕಂದಿನಿಂದ ಉಮ್ಮ ಎನ್ನುತ್ತೇನೆ. ಅವರು ಮಮ್ಮಿಯನ್ನು ಕರೆಯುವುದು ಬಾಯಮ್ಮ ಎಂದು. ಅವರಿಬ್ಬರ ಮಾತು ತುಳುವಿನಲ್ಲಿ, ನಾನೂ ಮಮ್ಮಿಯೂ ಆಡುವುದು ಕೊಂಕಣಿ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ.

ಇಬ್ಬರಿಗೂ ವರ್ಷಗಳಿಂದ ಸಕ್ಕರೆ ಕಾಯಿಲೆ, ಇಬ್ಬರಿಗೂ ಬೆಳಿಗ್ಗೆ ಸಂಜೆ ಇನ್ಸುಲಿನ್. ಉಮ್ಮನಿಗೆ ಕಣ್ಣು ಬಹಳ ಮಂದ. ಮನುಷ್ಯರ ಆಕಾರ ತಿಳಿಯುತ್ತದೆ, ಅಕ್ಷರ ತಿಳಿಯುವುದಿಲ್ಲ. ಅವರ ಸೊಸೆಗೆ ಸೂಜಿ ಕಂಡರೆ ತಲೆ ತಿರುಗುತ್ತದೆ. ಹಾಗಾಗಿ ಮಮ್ಮಿ ದಿನಕ್ಕೆರಡು ಸಲ ಅಲ್ಲಿಗೆ ಹೋಗಿ ಉಮ್ಮನ ಇನ್ಸುಲಿನ್ ಪೆನ್ನು ತಿರುಗಿಸಿ, ಡೋಸು ಸರಿಯಾಗಿ ಇಟ್ಟು, ಹೊಟ್ಟೆಗೆ ಚುಚ್ಚಿ ಬರುತ್ತಾಳೆ. ಪೆನ್ನಿನ ಹಿಂಭಾಗವನ್ನು ತಿರುಗಿಸಿದರೆ ಒಂದೊಂದು ಯುನಿಟ್ಟಿಗೆ ಒಂದೊಂದು ಟಿಕ್ ಕೇಳುತ್ತದೆ. ಉಮ್ಮ ಕಣ್ಣು ಮುಚ್ಚಿಕೊಂಡು ಆ ಶಬ್ದಕ್ಕೆ ಕಿವಿ ಕೊಟ್ಟು ಕೂರುತ್ತಾರೆ. ತಮ್ಮ ಲೆಕ್ಕ ತಲುಪಿದ ಕೂಡಲೇ, "ಹಾಂ, ಸಾಕು" ಎನ್ನುತ್ತಾರೆ.

"ನನ್ನ ಮೇಲೆ ನಂಬಿಕೆ ಇಲ್ವಾ ಮಾರಾಯ್ರೆ?" ಎಂದು ಮಮ್ಮಿ ರೇಗುತ್ತಾಳೆ.

"ನಿಮ್ಮ ಮೇಲೆ ಉಂಟು ಬಾಯಮ್ಮ. ನಿಮ್ಮ ಕನ್ನಡಕದ ಮೇಲೆ ಇಲ್ಲ."

ಇದು ಪ್ರತಿದಿನದ ಮಾತು.

ಸಕ್ಕರೆ ಕಾಯಿಲೆಗೆ ಒಳ್ಳೆಯದೆಂಬ ಆ ಜ್ಯೂಸು ನಮ್ಮ ಮನೆಗೆ ಬಂದದ್ದು ಮಮ್ಮಿಯ ಹಳೆಯ ವಿದ್ಯಾರ್ಥಿನಿಯ ಕೈಯಲ್ಲಿ. ಮಮ್ಮಿ ಬೆರಳು ಹಿಡಿದು 'ಅ' ಬರೆಸಿದ ಹುಡುಗಿ. ಈಗ ಅವಳಿಗೇ ಇಬ್ಬರು ಮಕ್ಕಳು. ಗಂಡನ ಗಲ್ಫ್ ಕೆಲಸ ಹೋಗಿ ಸಂಸಾರ ವಾಪಸ್ ಬಂದ ಮೇಲೆ ಅವಳು ಒಂದು ಕಂಪೆನಿಗೆ ಸೇರಿದ್ದಳು. ಗಿಡಮೂಲಿಕೆಯ ಜ್ಯೂಸು, ಪುಡಿ, ಸೋಪು. ನಾವು ಕೊಂಡರೆ ಅವಳಿಗೆ ಕಮಿಷನ್, ನಾವು ಸೇರಿ ನಮ್ಮ ಕೆಳಗೆ ಇನ್ನೊಬ್ಬರನ್ನು ಸೇರಿಸಿದರೆ ಅವರು ಕೊಂಡದ್ದರಲ್ಲಿ ನಮಗೂ ಅವಳಿಗೂ ಪಾಲು. ಅವಳು ನಮ್ಮ ಜಗಲಿಯಲ್ಲಿ ಕೂತು ಬಾಟ್ಲಿಯನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ಇಟ್ಟಳು.

"ಟೀಚರ್, ನೀವು ಕೊಂಡುಕೊಳ್ಳಿ ಅಂತ ಹೇಳ್ಲಿಕ್ಕೆ ಬಂದದ್ದಲ್ಲ. ಒಮ್ಮೆ ಕುಡಿದು ನೋಡಿ. ಹೇಗುಂಟು ಅಂತ ನಿಮ್ಮ ಬಾಯಲ್ಲಿ ಹೇಳಿದ್ರೆ ಸಾಕು."

"ಕಹಿ ಉಂಟಾ?"

"ಸ್ವಲ್ಪ."

"ಹಾಗಾದ್ರೆ ಒಳ್ಳೇದೇ ಇರಬೇಕು," ಎಂದಳು ಮಮ್ಮಿ.

ನಾನು ಬಿ.ಕಾಂ. ಮಕ್ಕಳಿಗೆ ವ್ಯವಹಾರ ಕಾನೂನು ಕಲಿಸುವವಳು. ನೇರ ಮಾರಾಟಕ್ಕೂ, ಹಣ ಸುತ್ತಿಸುವ ಸ್ಕೀಮಿಗೂ ಇರುವ ವ್ಯತ್ಯಾಸವನ್ನು ಪ್ರತಿವರ್ಷ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸುತ್ತೇನೆ. ಆದ್ದರಿಂದ ಆ ಹುಡುಗಿಯನ್ನು ಮಕ್ಕಳನ್ನು ಕೇಳಿದ ಹಾಗೆ ಕೇಳಿದೆ. ಸೇರುವುದಕ್ಕೇ ಹಣ ಕೊಡಬೇಕಾ? ವಸ್ತು ಮಾರದೆ ಬರೀ ಜನ ಸೇರಿಸಿದರೆ ಕಮಿಷನ್ ಬರುತ್ತದಾ? ಮಾರಾಟವಾಗದೆ ಉಳಿದದ್ದನ್ನು ವಾಪಸ್ ತೆಗೆದುಕೊಳ್ಳುತ್ತಾರಾ? ಅವಳು ತಡವರಿಸದೆ ಉತ್ತರ ಕೊಟ್ಟಳು. ಇಲ್ಲ, ಇಲ್ಲ, ಹೌದು. ನಂತರ ನಾನೇ ಕಂಪೆನಿಯ ನಿಯಮಗಳನ್ನು ಓದಿ ನೋಡಿದೆ. ಅವಳು ಹೇಳಿದ್ದು ನಿಜವಾಗಿತ್ತು. ಜ್ಯೂಸು ಔಷಧವಲ್ಲ, ಆಹಾರ ಮಾತ್ರ ಎಂದು ಬಾಟ್ಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದೂ ಇತ್ತು. ಕಾಗದದ ಮಟ್ಟಿಗೆ ಕಂಪೆನಿ ಪಾಸಾಯಿತು. ನನ್ನ ಪ್ರಶ್ನೆಗಳೆಲ್ಲ ಜನರ ಕಿಸೆಯನ್ನು ಕಾಯುವ ಪ್ರಶ್ನೆಗಳು. ಅಲ್ಲಿ ನಿಜವಾಗಿ ಮಾರಾಟಕ್ಕಿದ್ದದ್ದು ಮಮ್ಮಿಗೆ ಊರಿನಲ್ಲಿದ್ದ ಹೆಸರು. ಅದಕ್ಕೆ ನನ್ನ ಸಿಲೆಬಸ್ಸಿನಲ್ಲಿ ಪಾಠವಿಲ್ಲ.

ಮಮ್ಮಿ ಹುಡುಗಿಯ ಕೆಳಗೆ ಹೆಸರು ಸೇರಿಸಿ ಜ್ಯೂಸು ಕುಡಿಯತೊಡಗಿದಳು. ಜೊತೆಗೆ ಕಂಪೆನಿಯವರು ಹೇಳಿದ ಪಥ್ಯವನ್ನೂ ಹಿಡಿದಳು. ಸಂಜೆಯ ಬನ್ಸ್ ಬಿಟ್ಟಳು, ಅನ್ನ ಅರ್ಧಕ್ಕೆ ಇಳಿಸಿದಳು. ಇನ್ಸುಲಿನ್ ಎಂದಿನಂತೆ ನಡೆದಿತ್ತು. ಸ್ವಲ್ಪ ದಿನದಲ್ಲಿ ಸಕ್ಕರೆ ಇಳಿಯಿತು. ಇಳಿಯದೆ ಇನ್ನೇನು? ಆದರೆ ಹುಡುಗಿಗೆ ಬಹಳ ಸಂತೋಷವಾಯಿತು. ಭಾನುವಾರ ಕೊಟ್ಟಾರದಲ್ಲಿ ಮೀಟಿಂಗ್ ಇದೆ, ಟೀಚರ್ ಬಂದು ಎರಡು ಮಾತು ಹೇಳಬೇಕು ಎಂದಳು. ವಿದ್ಯಾರ್ಥಿನಿ ಕರೆದರೆ ಮಮ್ಮಿ ಹೋಗದಿರುತ್ತಾಳೆಯೇ? ಚರ್ಚಿನ ಪೂಜೆಗೆ ಹೋಗುವ ಸೀರೆಯನ್ನೇ ಉಟ್ಟಳು. ನಾನು ಜೊತೆಗೆ ಹೋದೆ.

ಮಮ್ಮಿಗೆ ಮೈಕು ಹೊಸದಲ್ಲ. ನಮ್ಮವರ ರಿಟ್ರೀಟುಗಳಲ್ಲಿ, ಪ್ರಾರ್ಥನಾ ಕೂಟಗಳಲ್ಲಿ ಸಾಕ್ಷಿ ಹೇಳುವ ರೂಢಿ ಇದೆ. ದೇವರಿಂದ ತನಗೆ ಆದ ಉಪಕಾರವನ್ನು ಎಲ್ಲರೆದುರು ಎದ್ದು ನಿಂತು ಹೇಳುವುದು. ಹಿಂದೆ ಮಮ್ಮಿ ಮೊಣಕಾಲಿನ ನೋವಿನ ವಿಷಯದಲ್ಲಿ ಹಾಗೆ ಹೇಳಿದ್ದಳು. ಹೇಳಿದ ದಿನ ನೋವು ಪೂರ್ತಿ ಹೋಗಿರಲಿಲ್ಲ. ಹೋಗುತ್ತದೆಂಬ ವಿಶ್ವಾಸದಲ್ಲಿ ಹೇಳಿದಳು, ನಂತರ ಹೋಯಿತು. ಮೊದಲು ಬಾಯಿ ಒಪ್ಪಬೇಕು, ಆಮೇಲೆ ಮೈ ಅದರ ಹಿಂದೆ ಬರುತ್ತದೆ ಎಂಬುದು ಅವಳ ಅನುಭವ. ಅಲ್ಲಿ ಯಾರೂ ಔಷಧ ಬಿಡು ಎಂದು ಹೇಳಿದವರಲ್ಲ. ಮಾತ್ರೆ ತೆಗೆದುಕೊಂಡಿರಾ ಎಂದು ಪಾದ್ರಿಗಳೇ ವಿಚಾರಿಸುತ್ತಾರೆ. ಆದರೆ ದೇವರ ಹೆಸರಲ್ಲಿ ಆಡಿದ ಮಾತನ್ನು ನಂತರ ಇಲ್ಲವೆನ್ನುವುದು ಅವಳ ಪಾಲಿಗೆ ಇಲ್ಲದ ದಾರಿ.

ಕೊಟ್ಟಾರದ ಸಭೆ ಹೆದ್ದಾರಿಯ ಪಕ್ಕದ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಒಳಗೆ ಹೋದೊಡನೆ ನನಗೆ ಕಂಡದ್ದು ಅದೂ ರಿಟ್ರೀಟಿನಂತೆಯೇ ಇದೆ ಎಂಬುದು. ಮೊದಲು ಹಾಡು, ನಂತರ ಚಪ್ಪಾಳೆ, ನಂತರ ಒಬ್ಬೊಬ್ಬರಾಗಿ ಎದ್ದು ಬಂದು ತಮ್ಮ ಬದುಕು ಹೇಗೆ ಬದಲಾಯಿತೆಂದು ಹೇಳುವುದು. ಕೆಲವರು ಅತ್ತರು. ಕೋಟು ಹಾಕಿದ ಒಬ್ಬರು ಮೈಕನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸುತ್ತ ನಿಂತಿದ್ದರು. ಎಲ್ಲರೂ ಅವರನ್ನು ಸರ್ ಎನ್ನುತ್ತಿದ್ದರು. ಹುಡುಗಿ ತನ್ನ ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದಳು.

ಮಮ್ಮಿ ಎರಡೇ ಮಾತು ಹೇಳಿದಳು. ಜ್ಯೂಸು ಕುಡಿದೆ, ಸಕ್ಕರೆ ಇಳಿದಿದೆ, ದೇವರಿಗೆ ಸ್ತೋತ್ರ. ಅಲ್ಲಿಗೆ ಮುಗಿದು ಅವಳು ಮೆಟ್ಟಿಲಿನತ್ತ ತಿರುಗಿದ್ದಳು. ಕೋಟಿನವರು ಮೈಕನ್ನು ಮತ್ತೆ ಅವಳ ಬಾಯಿಯ ಹತ್ತಿರ ಹಿಡಿದರು.

"ಒಂದು ನಿಮಿಷ ಟೀಚರ್. ಇನ್ಸುಲಿನ್ ತೆಗೊಳ್ತಾ ಇದ್ರಲ್ಲ, ಇನ್ನು ನಿಮಗೆ ಇನ್ಸುಲಿನ್ ಬೇಕಾ?"

ಮುಂದಿನ ಸಾಲಿನಲ್ಲಿ ಒಬ್ಬರು ಆಗಲೇ ಚಪ್ಪಾಳೆಗೆ ಕೈ ಎತ್ತಿಕೊಂಡಿದ್ದರು. ಮಮ್ಮಿ ತನ್ನ ವಿದ್ಯಾರ್ಥಿನಿಯನ್ನು ನೋಡಿದಳು. ಆ ಹುಡುಗಿ ಫೋನು ಹಿಡಿದುಕೊಂಡೇ ತಲೆಯಾಡಿಸುತ್ತಿದ್ದಳು. ಮಗು ಬಾಯಿಪಾಠ ಒಪ್ಪಿಸುವಾಗ ಟೀಚರ್ ಪ್ರೋತ್ಸಾಹಕ್ಕೆ ತಲೆಯಾಡಿಸುತ್ತಾರಲ್ಲ, ಹಾಗೆ. ಅಲ್ಲಿ ಒಂದು ಕ್ಷಣ ಇತ್ತು. ನಾನು ದಿನವೂ ವಾಪಸ್ ಹೋಗುವುದು ಆ ಕ್ಷಣಕ್ಕೆ. ಎದ್ದು ಏನೋ ಹೇಳುತ್ತೇನೆ, ಕೆಮ್ಮುತ್ತೇನೆ, ಕುರ್ಚಿ ಬೀಳಿಸುತ್ತೇನೆ. ಪ್ರತಿ ಸಲವೂ ಮಮ್ಮಿ ನನಗಿಂತ ಮೊದಲು ಬಾಯಿ ತೆರೆಯುತ್ತಾಳೆ.

"ಬೇಡ," ಎಂದಳು.

ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ.

ಬಸ್ಸಿನಲ್ಲಿ ಬರುವಾಗ ನಾನು ನಗುತ್ತಲೇ ಕೇಳಿದೆ, "ಎಂತ ಮಮ್ಮಿ, ಬೆಳಿಗ್ಗೆ ಚುಚ್ಚಿಕೊಂಡದ್ದು ನೀರಾ?"

ಅವಳು ನಗಲಿಲ್ಲ. ಕಿಟಕಿಯಿಂದ ಹೊರಗೆ ನೋಡುತ್ತ, "ಹೇಳಿಯಾಯ್ತಲ್ಲ ಮಗಳೇ," ಎಂದಳಷ್ಟೆ.

ಅವಳಿಗೆ ತಮಾಷೆ ಹಿಡಿಸಲಿಲ್ಲವೆಂದುಕೊಂಡೆ. ಅವಳು ಅಲ್ಲಿಯೇ, ಆ ಬಸ್ಸಿನಲ್ಲಿಯೇ ತೀರ್ಮಾನ ಮಾಡಿದ್ದಳು ಎಂಬುದು ನನಗೆ ತಿಳಿದದ್ದು ಆಸ್ಪತ್ರೆಯಲ್ಲಿ. ಹೇಳಿದ್ದು ಸುಳ್ಳು, ಆದರೆ ಇನ್ನೂ ನಿಜವಾಗಲು ಸಮಯವಿದೆ. ಇವತ್ತು ಸಂಜೆಯಿಂದ ತೆಗೆದುಕೊಳ್ಳದಿದ್ದರೆ ನಿಜವಾಯಿತು.

ನಂತರದ ದಿನಗಳಲ್ಲಿ ನನಗೆ ಕಂಡದ್ದು ಇಷ್ಟು. ಮಮ್ಮಿ ನೀರು ಜಾಸ್ತಿ ಕುಡಿಯುತ್ತಿದ್ದಳು, ಸೆಕೆ ಎಂದಳು. ಮಧ್ಯಾಹ್ನ ಮಲಗುತ್ತಿದ್ದಳು, ವಯಸ್ಸಾಯ್ತಲ್ಲ ಎಂದಳು. ಹೊಸ ಕನ್ನಡಕ ಸರಿಯಿಲ್ಲ, ಅಂಗಡಿಯವನು ಮೋಸ ಮಾಡಿದ ಎಂದು ಬೈದಳು. ನಾನು ಕಾಲೇಜಿಗೆ ಬೇಗ ಹೊರಡುತ್ತೇನೆ. ಅವಳು ಬೆಳಿಗ್ಗೆ ಸಂಜೆ ಗೋಡೆ ಬದಿಯ ಗೇಟು ದಾಟಿ ಉಮ್ಮನಿಗೆ ಇಂಜೆಕ್ಷನ್ ಕೊಡಲು ಹೋಗುವುದು ನಡೆದೇ ಇತ್ತು. ತನಗೆ ಬೇಡವೆಂದು ಬಿಟ್ಟದ್ದನ್ನು ದಿನಕ್ಕೆರಡು ಸಲ ಇನ್ನೊಬ್ಬರಿಗೆ ತಪ್ಪದೆ ಕೊಡುತ್ತಿದ್ದವಳ ಮನಸ್ಸಿನಲ್ಲಿ ಏನಿತ್ತೋ! ಅದನ್ನು ನೋಡಿದ ಯಾರಿಗಾದರೂ ಅನುಮಾನ ಬರುವುದು ಹೇಗೆ?

ಮುಂದಿನ ಭಾನುವಾರ ಪೂಜೆಯಿಂದ ಬಂದು, ನಾನೂ ಮಮ್ಮಿಯ ಜೊತೆ ಉಮ್ಮನ ಮನೆಗೆ ಹೋದೆ. ಅವರ ಸೊಸೆ ಅಕ್ಕಿಯ ಪತ್ತಿರ್ ರೊಟ್ಟಿ ಮಾಡಿದ್ದಳು, ಬಂದು ತೆಗೆದುಕೊಂಡು ಹೋಗು ಎಂದು ಕರೆದಿದ್ದಳು. ಉಮ್ಮ ಎಂದಿನಂತೆ ಒಳಕೋಣೆಯ ಮಂಚದ ತುದಿಯಲ್ಲಿ ಕೂತಿದ್ದರು. ಮಮ್ಮಿ ಪಕ್ಕದ ಸ್ಟೂಲಿನ ಮೇಲೆ ಕೂತು ಪೆನ್ನು ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸತೊಡಗಿದಳು. ಟಿಕ್, ಟಿಕ್, ಟಿಕ್. ನಾನು ಬಾಗಿಲಲ್ಲಿ ಪತ್ತಿರಿನ ಡಬ್ಬಿ ಹಿಡಿದು ನಿಂತಿದ್ದೆ.

"ಹಾಂ, ಸಾಕು," ಎಂದರು ಉಮ್ಮ.

ಟಿಕ್ ನಿಲ್ಲಲಿಲ್ಲ.

"ಸಾಕು ಅಂದೆ."

"ಎಲ್ಲಿ ಸಾಕು? ಇನ್ನೂ ಬರ್ಲಿಲ್ಲ," ಎಂದಳು ಮಮ್ಮಿ. ಪೆನ್ನನ್ನು ಕಣ್ಣಿನ ತೀರ ಹತ್ತಿರ ತಂದು, ಮತ್ತೆ ದೂರ ಹಿಡಿದು ನೋಡುತ್ತಿದ್ದಳು. ಬೆರಳು ತಿರುಗಿಸುತ್ತಲೇ ಇತ್ತು. "ಇವತ್ತು ನಿಮ್ಮ ಕಿವಿಯೂ ಹೋಯ್ತಾ?"

ಇಷ್ಟು ಹೊತ್ತಿಗೆ ಡೋಸು ಉಮ್ಮನಿಗೆ ಬೇಕಾದುದರ ಎರಡರಷ್ಟನ್ನು ದಾಟಿತ್ತು. ಮಮ್ಮಿ ಬಗ್ಗಿ ಸೂಜಿಯನ್ನು ಉಮ್ಮನ ಹೊಟ್ಟೆಗೆ ಹಿಡಿದಳು. ಉಮ್ಮ ಕಣ್ಣು ಬಿಡದೆ, ಬಡಕಲು ಕೈಯಿಂದ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ನಿಲ್ಲಿ ಬಾಯಮ್ಮ. ಮಗಾ, ನೀನು ನೋಡು. ಎಷ್ಟಿದೆ?"

ನಾನು ನೋಡಿದೆ. ಆ ಸಂಖ್ಯೆಯನ್ನು ಇಲ್ಲಿ ಬರೆಯಲು ಈಗಲೂ ಕೈ ಬರುವುದಿಲ್ಲ. ಅದಷ್ಟೂ ಒಳಗೆ ಹೋಗಿದ್ದರೆ ಮಧ್ಯಾಹ್ನದ ಒಳಗೆ ಉಮ್ಮನ ಸಕ್ಕರೆ ಕುಸಿದು ಅವರು ಎಚ್ಚರ ತಪ್ಪುತ್ತಿದ್ದರು. ಮನೆಯವರು ನಿದ್ದೆ ಎಂದುಕೊಳ್ಳುತ್ತಿದ್ದರು.

ಉಮ್ಮ ಹಿಡಿದ ಮಣಿಕಟ್ಟನ್ನು ಬಿಡಲಿಲ್ಲ. "ಕೈ ಎಂತ ಇಷ್ಟು ಬಿಸಿ? ಇವರು ನಿನ್ನೆ ಇಲ್ಲಿ ಕೂತ ಸ್ವಲ್ಪ ಹೊತ್ತಿನಲ್ಲಿ ಎಷ್ಟು ಸಲ ಬಚ್ಚಲಿಗೆ ಹೋದ್ರು ಗೊತ್ತುಂಟಾ? ನನಗೆ ಸಕ್ಕರೆ ಏರಿದಾಗ ಹೀಗೇ ಆಗಿತ್ತು, ಕಣ್ಣೂ ಮಂಜಾಗಿತ್ತು. ಬಾಯಮ್ಮ, ನಿಮ್ಮ ಇನ್ಸುಲಿನ್ ತೆಗೊಂಡ್ರಾ?"

ಮಮ್ಮಿ ಸುಳ್ಳು ಹೇಳಲಾರಳು, ನಿಜವನ್ನೂ ಹೇಳಲಾರಳು. ಉಮ್ಮನ ಸೊಸೆ ಸಕ್ಕರೆ ನೋಡುವ ಮೀಟರ್ ತಂದು, ಮುಖ ಅತ್ತ ತಿರುಗಿಸಿಕೊಂಡು ನನ್ನ ಕೈಗೆ ಕೊಟ್ಟಳು. ಮಮ್ಮಿಯ ಬೆರಳಿನ ರಕ್ತಕ್ಕೆ ಅದು ಅಂಕಿಯನ್ನೇ ತೋರಿಸಲಿಲ್ಲ. ತನ್ನ ಅಳತೆ ಮೀರಿದೆ ಎಂಬ ಸೂಚನೆ ಮಾತ್ರ ಬಂತು. ಮಮ್ಮಿ ಏಳಲು ಹೋಗಿ ವಾಪಸ್ ಕುಸಿದಳು. ಅಲ್ಲಿಯೇ ವಾಂತಿಯಾಯಿತು.

ಉಮ್ಮನಿಗೆ ಅವರ ಡೋಸನ್ನು ಸರಿಯಾಗಿ ಇಟ್ಟು ಚುಚ್ಚಿದ್ದು ನಾನು. ಅವರು ಅಷ್ಟು ಗಡಿಬಿಡಿಯಲ್ಲಿಯೂ ಕಿವಿ ಕೊಟ್ಟು ಕೂತಿದ್ದರು. ಎರಡು ತುತ್ತು ತಿಂದು, ಬುರ್ಖಾ ಹಾಕಿಕೊಂಡು, ನಾವು ಬೇಡವೆಂದರೂ ಕೇಳದೆ ರಿಕ್ಷಾ ಹತ್ತಿದರು. ಮೋರ್ಗನ್ಸ್ ಗೇಟಿನಿಂದ ಕಂಕನಾಡಿಯವರೆಗೆ ಮಮ್ಮಿಯ ತಲೆ ಅವರ ತೊಡೆಯ ಮೇಲಿತ್ತು. ನಾನು ಕಾಲು ಹಿಡಿದುಕೊಂಡಿದ್ದೆ. ಮಮ್ಮಿ ಕೊಂಕಣಿಯಲ್ಲಿ ಏನೇನೋ ಮಾತಾಡುತ್ತಿದ್ದಳು, ಶಾಲೆಯ ಬೆಲ್ ಹೊಡೆಯಿತು, ಮಕ್ಕಳು ಹೊರಗಿದ್ದಾರೆ ಎಂದು. ಅದು ನನಗೆ ಅತ್ಯಂತ ಭಯವಾದ ಹೊತ್ತು. ಉಮ್ಮ ಮಾತ್ರ, "ಎಲ್ಲ ಮಕ್ಕಳೂ ಒಳಗೆ ಬಂದ್ರು ಬಾಯಮ್ಮ, ನೀವು ಸುಮ್ಮನಿರಿ," ಎಂದು ತಲೆ ಸವರುತ್ತಿದ್ದರು.

ಆಸ್ಪತ್ರೆಯಲ್ಲಿ ಕೂಡಲೇ ಒಳಗೆ ತೆಗೆದುಕೊಂಡರು. ಡ್ರಿಪ್ ಹಾಕಿದರು, ಇನ್ಸುಲಿನ್ ಕೊಟ್ಟರು, ಗಂಟೆಗೊಮ್ಮೆ ರಕ್ತ ನೋಡಿದರು. ಸಂಜೆಯ ಹೊತ್ತಿಗೆ ಡಾಕ್ಟರ್ ಹೊರಗೆ ಬಂದು, ಇನ್ನು ಅಪಾಯವಿಲ್ಲ, ಇನ್ನೊಂದು ದಿನ ಬಿಟ್ಟು ತಂದಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು. ನನಗೆ ಕೇಳಿಸಿದ್ದು ಮಾತಿನ ಮೊದಲರ್ಧ ಮಾತ್ರ. ಎರಡನೆಯದು ಮರುದಿನ, ಕ್ಯಾಂಟೀನಿನಲ್ಲಿ ಚಹಾ ಕುಡಿಯುವಾಗ ಬಂದು ತಾಗಿತು. ಲೋಟ ಕೆಳಗಿಟ್ಟು ಅಲ್ಲಿಯೇ ಅತ್ತೆ. ಅತ್ತದ್ದು ಅವಳು ಉಳಿದಳೆಂಬ ಸಮಾಧಾನಕ್ಕೇ.

ಮಮ್ಮಿಗೆ ಎಚ್ಚರ ಸರಿಯಾಗಿ ಬಂದ ಮೇಲೆ, ಇನ್ಸುಲಿನ್ ಯಾಕೆ ಬಿಟ್ಟೆ ಎಂದು ಕೇಳಿದೆ. ಅಷ್ಟು ಜನರ ಮುಂದೆ ಹೇಳಿದ್ದು ಸುಳ್ಳಾಗಬಾರದಲ್ಲ ಎಂದಳು. ನನಗೆ ಸಿಟ್ಟು ಬಂತು. ನಾನು ಬಾಯಿ ತೆರೆಯುವ ಮೊದಲು ಪಕ್ಕದ ಕುರ್ಚಿಯಿಂದ ಉಮ್ಮ ಮಾತಾಡಿದರು.

"ಒಂದು ಕೇಳ್ತೇನೆ ಬಾಯಮ್ಮ. ಜ್ಯೂಸು ಅಷ್ಟು ಒಳ್ಳೇದಾದ್ರೆ ನನಗೆ ಯಾಕೆ ಕೊಡಲಿಲ್ಲ?"

"ನಿಮಗಾ?"

"ನನಗೇ. ಇಷ್ಟು ವರ್ಷದ ನೆರೆಕರೆ. ಕೊಟ್ಟಾರಕ್ಕೆ ಹೋಗಿ ಗೊತ್ತಿಲ್ಲದವರಿಗೆಲ್ಲ ಹೇಳಿದ್ರಿ. ನನಗೆ ದಿನಾ ಬಂದು ಚುಚ್ಚಿದ್ರಿ. ನಾನು ಎಂತ ಪಾಪ ಮಾಡಿದ್ದೆ?"

ಮಮ್ಮಿ ಡ್ರಿಪ್ಪಿನ ಕೈಯನ್ನು ನೋಡುತ್ತ ಹೇಳಿದಳು, "ನಿಮಗೆ ಏನಾದ್ರೂ ಆದ್ರೆ?"

"ಆಂ, ಹಾಗೆ ಬನ್ನಿ," ಎಂದರು ಉಮ್ಮ. "ನನ್ನ ಜೀವಕ್ಕೆ ಕ್ರಯ ಉಂಟು. ನಿಮ್ಮದು ಪುಕ್ಕಟೆ."

ಮಮ್ಮಿಗೆ ನಗು ಬಂತು, ನಗುತ್ತ ಅಳು ಬಂತು. ಒಂದಷ್ಟು ಹೊತ್ತಿನ ಮೇಲೆ ಮುಖ ಗಂಭೀರವಾಯಿತು. "ನಿಮಗೆ ಕೊಡಲಿಲ್ಲ ಸರಿ. ಅಲ್ಲಿ ಕೂತಿದ್ದವರಿಗೆ ಹೇಳಿದೆನಲ್ಲ," ಎಂದಳು. "ನನ್ನ ಮಾತು ಕೇಳಿ ಅವರಲ್ಲಿ ಯಾರಾದರೂ ಬಿಟ್ಟಿದ್ದರೆ?"

ಅಲ್ಲಿಯವರೆಗೆ ನನ್ನ ತಲೆಯಲ್ಲಿ ಇದ್ದದ್ದು ಮಮ್ಮಿ ಒಬ್ಬಳೇ. ಅವಳ ವಿಡಿಯೋ ಎಷ್ಟೋ ಫೋನುಗಳಿಗೆ ಹೋಗಿದೆ ಎಂಬುದು ಆಗ ನೆನಪಾಯಿತು. ಕಾರಿಡಾರಿಗೆ ಬಂದು ಹುಡುಗಿಗೆ ಫೋನ್ ಮಾಡಿದೆ. ನಡೆದದ್ದನ್ನು ಹೇಳಿದೆ. ಅವಳಿಂದ ಕೋಟಿನವರ ನಂಬರ್ ತೆಗೆದುಕೊಂಡು ಅವರಿಗೆ ಮಾಡಿದೆ. ವಿಡಿಯೋ ತೆಗೆಯಿರಿ, ಟೀಚರ್ ಹೇಳಿದ್ದು ಸರಿಯಲ್ಲವೆಂದು ಎಲ್ಲರಿಗೂ ತಿಳಿಸಿ ಎಂದೆ. ಅವರು ಬಹಳ ಮರ್ಯಾದೆಯಿಂದ ಮಾತಾಡಿದರು.

"ಮೇಡಂ, ಇನ್ಸುಲಿನ್ ಬಿಡಿ ಅಂತ ನಾವು ಎಲ್ಲಿಯೂ ಹೇಳ್ಲಿಲ್ಲ. ಹೇಳಿದ್ದು ನಿಮ್ಮ ತಾಯಿ. ರೋಗ ಗುಣ ಆಗ್ತದೆ ಅಂತ ಹೇಳಬಾರದು ಅಂತ ನಮ್ಮ ನಿಯಮದಲ್ಲೇ ಉಂಟು. ಸೇರುವಾಗ ಅವರು ಅದಕ್ಕೆ ಒಪ್ಪಿದ್ದಾರೆ."

"ನೀವು ಕೇಳಿದ್ದಲ್ಲವಾ?"

"ನಾನು ಪ್ರಶ್ನೆ ಕೇಳಿದ್ದು ಮೇಡಂ. ಪ್ರಶ್ನೆ ಕೇಳುದು ತಪ್ಪಾ?"

ಗೋಡೆಗೆ ಒರಗಿ ನಿಂತೆ. ಸಕ್ಕರೆ ಕಾಯಿಲೆ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದು ಈ ದೇಶದಲ್ಲಿ ಅಪರಾಧ. ಅದಕ್ಕೇ ಕಂಪೆನಿ ಆ ಮಾತನ್ನು ಎಂದೂ ಆಡುವುದಿಲ್ಲ. ಮೈಕು ಹಿಡಿಯುತ್ತದೆ, ಪ್ರಶ್ನೆ ಕೇಳುತ್ತದೆ, ಚಪ್ಪಾಳೆಗೆ ಜನ ಕೂರಿಸುತ್ತದೆ. ಮಾತು ಮಾತ್ರ ಒಬ್ಬ ನಿವೃತ್ತ ಟೀಚರದ್ದು. ಯಾರಿಗಾದರೂ ಏನಾದರೂ ಆಗಿ ಕೇಸಾದರೆ ಮೊದಲು ಹುಡುಕುವುದು ಅವಳ ಮುಖವನ್ನು. ಆ ಸಂಬಂಧ ನಾನು ನಂತರ ಕೊಟ್ಟ ದೂರು ಇನ್ನೂ ವಿಚಾರಣೆಯಲ್ಲಿದೆ, ಅದರ ವಿಷಯ ಇಲ್ಲಿ ಬೇಡ. ಆ ಹೊತ್ತಿಗೆ ನನಗೆ ಬೇಕಾಗಿದ್ದದ್ದು ದೂರಲ್ಲ. ಯಾರಾದರೂ ಬಿಟ್ಟಿದ್ದಾರಾ ಎಂಬುದು.

ಸಂಜೆ ಹುಡುಗಿ ವಾರ್ಡಿಗೆ ಓಡಿ ಬಂದಳು. ಕಣ್ಣು ಊದಿತ್ತು. ಮಂಚದ ಹತ್ತಿರ ಬಂದು ಮಮ್ಮಿಯ ಕಾಲು ಹಿಡಿಯಲು ಹೋದಳು.

"ಕಾಲು ಬಿಡು. ಆ ವಿಡಿಯೋ ತೆಗೆದ ಫೋನು ಉಂಟಾ?" ಎಂದಳು ಮಮ್ಮಿ.

"ಉಂಟು ಟೀಚರ್. ಅಳಿಸಿದೆ."

"ನೀನು ಅಳಿಸಿದ್ರೆ ಕೇಳಿದವರ ಕಿವಿಯಿಂದ ಹೋಗ್ತದಾ? ಹೇಳಿದ್ದು ನಾನು. ಇನ್ನೊಮ್ಮೆ ನಾನೇ ಹೇಳ್ತೇನೆ. ತೆಗಿ."

ಹುಡುಗಿ ಫೋನನ್ನು ಎರಡು ಕೈಯಲ್ಲಿ ಹಿಡಿದಳು. ಮಮ್ಮಿ ದಿಂಬಿಗೆ ಒರಗಿ ಕೂತು, ಕೂದಲು ಸರಿಮಾಡಿಕೊಂಡು, ಡ್ರಿಪ್ಪಿನ ಕೈ ಕಾಣುವ ಹಾಗೆ ಮುಂದೆ ಇಟ್ಟುಕೊಂಡಳು. ಕ್ಲಾಸಿನಲ್ಲಿ ಮಾತಾಡುವ ಸ್ವರದಲ್ಲಿ ನಿಧಾನವಾಗಿ ಹೇಳಿದಳು.

"ನಾನು ಕೊಟ್ಟಾರದಲ್ಲಿ ಹೇಳಿದ್ದು ಸುಳ್ಳು. ಅವತ್ತು ಬೆಳಿಗ್ಗೆಯೂ ನಾನು ಇನ್ಸುಲಿನ್ ತೆಗೆದುಕೊಂಡಿದ್ದೆ. ಆಮೇಲೆ ಬಿಟ್ಟೆ. ಬಿಟ್ಟದ್ದಕ್ಕೆ ಇಲ್ಲಿ ಮಲಗಿದ್ದೇನೆ. ನೀವು ಯಾರಾದರೂ ನನ್ನ ಮಾತು ಕೇಳಿ ಔಷಧ ನಿಲ್ಲಿಸಿದ್ದರೆ ಈಗಲೇ ಡಾಕ್ಟರಿಗೆ ಹೇಳಿ. ನಾಚಿಕೆ ಮಾಡಬೇಡಿ. ನನಗೆ ಆಗಿದೆ ನಾಚಿಕೆ, ಅದು ಸಾಕು."

"ಅವರು ನನಗೆ ಜ್ಯೂಸು ಕೊಡಲಿಲ್ಲ, ಅದನ್ನೂ ಹೇಳ್ಲಿ," ಎಂದರು ಪಕ್ಕದಿಂದ ಉಮ್ಮ. ಅದೂ ರೆಕಾರ್ಡಾಯಿತು.

ಈಗ ಫೋನು ಹುಡುಗಿಯ ಕೈಯಲ್ಲಿತ್ತು. ಅದನ್ನು ಕಂಪೆನಿಯವರ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಅವಳ ಮೇಲಿನವರೂ ನೋಡುತ್ತಾರೆ, ಕೆಳಗಿನವರೂ ನೋಡುತ್ತಾರೆ. ಗಂಡನಿಗೆ ಇನ್ನೂ ಕೆಲಸ ಸಿಕ್ಕಿರಲಿಲ್ಲ. ಅವಳು ಪರದೆ ನೋಡುತ್ತ ನಿಂತಳು. ಕಳಿಸು ಎಂದು ಹೇಳುವ ಹಕ್ಕು ನನಗಿರಲಿಲ್ಲ.

"ಕಷ್ಟ ಉಂಟಾ?" ಎಂದು ಮಮ್ಮಿ ಕೇಳಿದಳು.

"ಉಂಟು ಟೀಚರ್."

"ಗೊತ್ತುಂಟು. ನಾನು ಕಳಿಸು ಅಂತ ಹೇಳುದಿಲ್ಲ. ಕಳಿಸದಿದ್ರೆ ಒಬ್ಬೊಬ್ಬರ ಮನೆಗೆ ನಾನೇ ನಡೆದು ಹೋಗಿ ಹೇಳ್ತೇನೆ, ಅಷ್ಟೆ. ಇಲ್ಲಿಂದ ಬಿಟ್ಟ ಮೇಲೆ."

ಹುಡುಗಿ ಮೂಗು ಒರೆಸಿಕೊಂಡು ಒತ್ತಿದಳು. ಕೂಡಲೇ ಅವಳ ಫೋನು ಬಡಿದುಕೊಳ್ಳತೊಡಗಿತು. ಕೋಟಿನವರ ಕರೆ, ಅವಳು ಎತ್ತಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವಳನ್ನು ಗ್ರೂಪಿನಿಂದ ತೆಗೆದುಹಾಕಿದರು. ಅಷ್ಟರಲ್ಲಿ ಜನ ನೋಡಿಯಾಗಿತ್ತು.

ಮರುದಿನ ಬೆಳಿಗ್ಗೆಯಿಂದ ಉತ್ತರಗಳು ಬಂದವು. ಗುರ್ತದವರು ಮಮ್ಮಿಗೇ ಮಾಡಿದರು, ಮಿಕ್ಕವರು ಹುಡುಗಿಗೆ. "ನಾವು ಬಿಡಲಿಲ್ಲ ಟೀಚರ್, ಹೆದರಿಕೆ ಆಯ್ತು." "ನಮ್ಮ ಮಗ ಬೈದ, ಹಾಗೆ ಬಿಡಲಿಲ್ಲ." ಒಬ್ಬರು, ಜ್ಯೂಸು ಕಹಿ ಎಂದು ಬಾಳೆ ಬುಡಕ್ಕೆ ಸುರಿದದ್ದನ್ನು ಒಪ್ಪಿಕೊಂಡರು. ಪ್ರತಿ ಕರೆ ಮುಗಿದಾಗಲೂ ಮಮ್ಮಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದಳು. ಬಿ.ಪಿ. ಮಾತ್ರೆಯನ್ನು ಅರ್ಧ ಮಾಡಿಕೊಂಡಿದ್ದ ಒಬ್ಬ ಹೆಂಗಸು ಸಿಕ್ಕಿದರು. ಅವರು ಈ ಎರಡನೆಯ ವಿಡಿಯೋ ನೋಡಿದ ದಿನವೇ ಡಾಕ್ಟರ ಹತ್ತಿರ ಹೋಗಿ ಬಂದಿದ್ದರು.

ಉತ್ತರ ಕೊಡದವರೂ ಇದ್ದರು. ಅವರನ್ನು ಹುಡುಕಿಕೊಂಡು ಹೋದದ್ದು ಆ ಹುಡುಗಿ. ತನ್ನ ಸ್ಕೂಟರಿನಲ್ಲಿ ಎರಡು ದಿನ, ಮನೆ ಮನೆಗೆ. ಕೆಲವು ಕಡೆ ಒಳಗೆ ಕರೆದರಂತೆ, ಒಂದು ಕಡೆ ಬಾಗಿಲಿನಲ್ಲಿಯೇ ಬೈದು ಕಳಿಸಿದರಂತೆ. ಬೈದವರನ್ನೂ ಅವಳು, "ಆಯ್ತು, ಇನ್ಸುಲಿನ್ ತೆಗೊಳ್ತಾ ಇದ್ದೀರಲ್ಲ?" ಎಂದು ಕೇಳಿಯೇ ಬಂದಳು.

ಮಮ್ಮಿಯನ್ನು ಮನೆಗೆ ಕರೆತಂದ ದಿನ ಮಧ್ಯಾಹ್ನ ಅವಳು ಗೇಟಿನಲ್ಲಿ ಸ್ಕೂಟರು ನಿಲ್ಲಿಸಿದಳು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಜಗಲಿಯ ಕೆಳಗೆ ನಿಂತೇ ಹೇಳಿದಳು.

"ಕೊನೆಯವರೂ ಸಿಕ್ಕಿದ್ರು ಟೀಚರ್. ಸುರತ್ಕಲ್ಲಿಗೆ ಮಗಳ ಮನೆಗೆ ಹೋಗಿದ್ರಂತೆ, ಫೋನು ಇಲ್ಲೇ ಬಿಟ್ಟು. ಯಾರೂ ಬಿಡಲಿಲ್ಲ. ಎಲ್ಲರೂ ತೆಗೊಳ್ತಾ ಇದ್ದಾರೆ."

ಮಮ್ಮಿ ಕುರ್ಚಿಯ ಕೈ ಹಿಡಿದುಕೊಂಡು ಎದ್ದಳು, ಒಳಗೆ ಹೋದಳು. ಪಾತ್ರೆಯ ಶಬ್ದ ಕೇಳಿಸಿತು. ನಾನು ಎದ್ದು ಹೋಗಿ ನೋಡಿದರೆ ಬಟ್ಟಲಿಗೆ ಗಂಜಿ ಬಡಿಸುತ್ತಿದ್ದಳು, ಪಕ್ಕದಲ್ಲಿ ಒಂದು ಹುರಿದ ಮೀನು. ನನಗೇ ಇಟ್ಟಿದ್ದ ಮೀನು ಅದು.

"ಎಷ್ಟು ಹೊತ್ತು ಹೊರಗೆ ನಿಂತಿರ್ತಿ? ಕೈ ತೊಳ್ಕೊಂಡು ಬಾ," ಎಂದು ಅಲ್ಲಿಂದಲೇ ಕೂಗಿದಳು.

ಹುಡುಗಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ನಾವು ಮೂವರೂ ಅಡುಗೆಮನೆಯ ಮೇಜಿನ ಹತ್ತಿರ ಕೂತೆವು. ಆ ಮಧ್ಯಾಹ್ನ ಮಮ್ಮಿ ಮಂಚಕ್ಕೆ ಹೋಗುವವರೆಗೂ ಕಾಯದೆ ಕುರ್ಚಿಯಲ್ಲಿಯೇ ತೂಕಡಿಸಿದಳು, ಬಾಯಿ ಸ್ವಲ್ಪ ತೆರೆದು. ನಾನು ಅವಳ ಉಸಿರನ್ನು ನೋಡುತ್ತ ಕೂತೆ, ಹುಡುಗಿ ಮೀನಿನ ಮುಳ್ಳು ಬಿಡಿಸುತ್ತ ಊಟ ಮಾಡಿದಳು.